ಕಟ್ಟಿದವರಿಲ್ಲದ ಬಸದಿ: ಭಟ್ಕಳದ ಸಾಂಸ್ಕೃತಿಕ ನಕಾಶೆಗೆ ಯಾರನ್ನು ಕೇಳುವುದು?

ಒಂದು ಊರಿನ ಸಾಂಸ್ಕೃತಿಕ ನಕಾಶೆಯನ್ನು ಆ ಊರಿನ ಜನರನ್ನೇ ಕೇಳಿ ರಚಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. 2023ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯವು ‘ಮೇರಾ ಗಾಂವ್ ಮೇರಿ ಧರೋಹರ್’ ಎಂಬ ಹೆಸರಿನಲ್ಲಿ ದೇಶದ ಗ್ರಾಮಗಳ ಪರಂಪರೆಯ ವಿವರಗಳನ್ನು ಕಲೆಹಾಕುವ ಕಾರ್ಯವನ್ನು ಲೋಕದ ಮುಂದಿಟ್ಟಿತು. ತತ್ತ್ವ ಒಳ್ಳೆಯದೇ. ಆದರೆ ಕಟ್ಟಿದವರು ಹೋಗಿ ಕಟ್ಟಡವಷ್ಟೇ ಉಳಿದಿರುವಲ್ಲಿ ‘ಸಮುದಾಯ’ವೆಂದರೆ ಯಾರು? ಈ ಪ್ರಶ್ನೆಯನ್ನು ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಷ್ಟು ತೀಕ್ಷ್ಣವಾಗಿ ಎತ್ತುವ ಊರನ್ನು ಕನ್ನಡ ಕರಾವಳಿಯಲ್ಲಿ ನಾನು ಬೇರೆ ಕಾಣೆ.

ಸಿಂದಗಿಯಂತಹ ಬಯಲುಸೀಮೆಯಲ್ಲಿದ್ದುಕೊಂಡು ಕಡಲತಡಿಯ ಊರಿನ ಬಗ್ಗೆ ಬರೆಯುವುದಕ್ಕೆ ಕನ್ನಡ ಅಧ್ಯಾಪಕನಾದವನಿಗೆ ಒಂದು ಕಾರಣವಿದೆ. ಭಟ್ಟಾಕಳಂಕನು 1604ರಲ್ಲಿ ಪೂರೈಸಿದ ‘ಕರ್ಣಾಟಕ ಶಬ್ದಾನುಶಾಸನ’ವು ಆ ನೆಲದ ವಿದ್ಯೆಯ ಫಲ. 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು ಹೇಳಿ, ಅದಕ್ಕೆ ತಾನೇ ವ್ಯಾಖ್ಯಾನ ಬರೆದ ಆ ವಿದ್ವಾಂಸನು ಹಾಡುವಳ್ಳಿಯ ಜೈನ ಮಠದ ಪರಂಪರೆಯವನು. ಭಟ್ಕಳದ ಪೂರ್ವಕ್ಕೆ, ಘಟ್ಟದ ತಪ್ಪಲಿನಲ್ಲಿ ಹಾಡುವಳ್ಳಿಯಿದೆ. ಶಾಸನಗಳು ಅದನ್ನು ಸಂಗೀತಪುರವೆನ್ನುತ್ತವೆ. (ಕರಾವಳಿಯಲ್ಲಿ ‘ಹಾಡಿ’ಯೆಂದರೆ ಮರಗಳ ತೋಪು. ಊರ ಹೆಸರಿನ ಮೂಲ ಅದೇ ಇದ್ದು, ಅದನ್ನು ‘ಹಾಡು’ ಎಂದು ತಿಳಿದು ಪಂಡಿತರು ಸಂಗೀತಪುರವಾಗಿಸಿದರೇ ಎಂಬ ಅನುಮಾನ ನನ್ನದು. ಅನುಮಾನವಷ್ಟೇ.) ಅಲ್ಲಿನ ಸಾಳುವ ಅರಸರು ಜೈನರು, ಭಟ್ಕಳ ಅವರ ಬಂದರು.

ಆ ಬಂದರಿನ ವೈಭವದ ಕಾಲ ಹದಿನೈದು, ಹದಿನಾರನೆಯ ಶತಮಾನಗಳು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ ನಾಡಿನಿಂದ ಇಲ್ಲಿ ಬಂದಿಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹಡಗೇರುತ್ತಿದ್ದವು. 1502ರಲ್ಲಿ ವಾಸ್ಕೊ ಡ ಗಾಮನು ಈ ಬಂದರಿನ ಮೇಲೆರಗಿ ಅಕ್ಕಿಯ ಕಪ್ಪವನ್ನು ಹೇರಿದನು. 1542ರಲ್ಲಿ ಮಾರ್ಟಿಂ ಅಫೊನ್ಸೊ ಡಿ ಸೋಜನು ಊರನ್ನು ಸೂರೆಗೊಂಡನು. ಅನಂತರವೂ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಕಾಳುಮೆಣಸಿನ ವ್ಯಾಪಾರ ನಡೆಯಿತು. ಪೋರ್ಚುಗೀಸರು ಅವಳನ್ನು ಕರೆದದ್ದೇ ಮೆಣಸಿನ ರಾಣಿಯೆಂದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಆ ರಾಜ್ಯವನ್ನು ಮುಗಿಸಿದನು. ಅರಸೊತ್ತಿಗೆ ಹೋಯಿತು, ಮಠ ಬಡವಾಯಿತು, ಶ್ರಾವಕರು ಚದುರಿದರು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಪಾರ್ಶ್ವನಾಥ ಬಸದಿಗಳು ಮಾತ್ರ ಇದ್ದಲ್ಲಿಯೇ ಉಳಿದವು.

ಈಗ ನಕಾಶೆ ಮಾಡುವವನೊಬ್ಬ ಬಂದನೆಂದು ಇಟ್ಟುಕೊಳ್ಳೋಣ. ಅವನ ಕೈಯಲ್ಲಿ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಿರುತ್ತದೆ. ಆ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಖೇತಪೈ ನಾರಾಯಣ, ಶಾಂತಪ್ಪ ನಾಯಕನ ತಿರುಮಲ, ಜೋಶಿ ಶಂಕರನಾರಾಯಣ, ಅಡಿಕೆ ನಾರಾಯಣ, ಜಟ್ಟಪ್ಪ ನಾಯಕನ ಚಂದ್ರನಾಥ. ದೇವರ ಹೆಸರಿಗಿಂತ ಮೊದಲು ಮನುಷ್ಯನ ಹೆಸರು, ಇಲ್ಲವೇ ಸರಕಿನ ಹೆಸರು! ಇವು ಜನರ ಬಾಯಲ್ಲಿ ಉಳಿದು ಬಂದ ಹೆಸರುಗಳು; ಸರಕಾರಿ ಪಟ್ಟಿ ಅವನ್ನು ಅಲ್ಲಿಂದಲೇ ಎತ್ತಿಕೊಂಡಿದೆ. ಖೇತಪೈಯ ದೇವಾಲಯದ ಹೊರಗೋಡೆಯ ಮೇಲಿನ ರಾಮಾಯಣದ ಸಾಲುಶಿಲ್ಪವನ್ನೂ, ಮರದ ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿಗಳನ್ನೂ ಕಲಾ ಇತಿಹಾಸಕಾರರು ಬಹಳ ಮೆಚ್ಚಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಕಟ್ಟಿಸಿದವನ ಹೆಸರನ್ನು ನಾನೂರು ವರ್ಷ ಬಿಡದೆ ಹಿಡಿದುಕೊಂಡ ಊರಿನ ನಾಲಿಗೆ. ಜಟ್ಟಪ್ಪ ನಾಯಕನ ಹೆಸರು ಉಳಿದದ್ದು ಬಸದಿಯ ಸುತ್ತ ಶ್ರಾವಕರ ಕೇರಿ ಇದ್ದುದರಿಂದಲ್ಲ. ಆ ದಾರಿಯಲ್ಲಿ ದಿನವೂ ಓಡಾಡುವ ಬೇರೆ ಜನ ಅದನ್ನು ಹಾಗೆಯೇ ಕರೆಯುತ್ತ ಬಂದದ್ದರಿಂದ.

ಆದುದರಿಂದ ಬಸದಿಯ ಬಗ್ಗೆ ಕೇಳಬೇಕಾದವರು ದೂರದ ಮೂಡಬಿದಿರೆಯ ಅಥವಾ ಬೆಳಗಾವಿಯ ಜೈನರಷ್ಟೇ ಅಲ್ಲ. ಮಾನಸ್ತಂಭದ ನೆರಳನ್ನು ದಿನವೂ ಕಾಣುವ ನೆರೆಮನೆಯವರನ್ನು ಕೇಳಬೇಕು. ಅವರು ಗೌಡ ಸಾರಸ್ವತರಿರಬಹುದು, ನಾಮಧಾರಿಗಳಿರಬಹುದು, ನವಾಯತರಿರಬಹುದು. ಜೈನರಾದ ನಮ್ಮಲ್ಲಿ ಕೆಲವರಿಗೆ ಈ ಮಾತು ಒಪ್ಪಿಗೆಯಾಗದು. ನಮ್ಮ ತೀರ್ಥದ ಕಥೆಯನ್ನು ಅನ್ಯರು ಹೇಳುವುದೇ ಎಂದು ಅವರು ಕೇಳುತ್ತಾರೆ. ಆದರೆ ಸ್ಮೃತಿಯನ್ನು ಕಾಯ್ದವರಿಗೂ ಅದರಲ್ಲಿ ಪಾಲುಂಟು. ಆಗಮಶಾಸ್ತ್ರದ ವಿಷಯದಲ್ಲಿ ಶ್ರಾವಕನ ಮಾತೇ ಪ್ರಮಾಣವಾಗಲಿ. ಬಾವಿಯ ಹೆಸರು, ಓಣಿಯ ಹೆಸರು, ಎಲ್ಲಿ ಯಾವ ಕಲ್ಲು ಮಗುಚಿ ಬಿದ್ದಿದೆ ಎಂಬ ವಿಷಯದಲ್ಲಿ ನೆರೆಯವನ ಮಾತೇ ಮೇಲು.

ಊರಿನ ಹೆಸರನ್ನೇ ನೋಡಿ. ಭಟ್ಟಾಕಳಂಕನಿಂದ ಭಟ್ಕಳವಾಯಿತೆಂಬ ಪ್ರತೀತಿ ನಮ್ಮವರಿಗೆ ಬಹಳ ಪ್ರಿಯವಾದುದು. ಆದರೆ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಈ ಊರನ್ನು ‘ಬಾಟಿಕಲ’ವೆಂದು ಬರೆದಿದ್ದಾನೆ; ವ್ಯಾಕರಣಕಾರನ ಗ್ರಂಥ ಸಿದ್ಧವಾದದ್ದು ಅದಕ್ಕೆ ಸುಮಾರು ತೊಂಬತ್ತು ವರ್ಷಗಳ ಅನಂತರ. ಆ ವ್ಯಾಕರಣಕಾರನಿಂದ ಹೆಸರು ಬರಲು ಸಾಧ್ಯವಿಲ್ಲ. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನನು ‘ದುಂಡಗಿನ ಊರು’ ಎಂಬ ಅರ್ಥವನ್ನು ಬರೆದುಕೊಂಡನು. ಇದು ಅವನ ಸ್ವಂತ ಊಹೆಯಲ್ಲ, ಯಾರೋ ಸ್ಥಳೀಯರು ಹೇಳಿದ್ದಿರಬೇಕು. ಏಕೆಂದರೆ ಹಳಗನ್ನಡದಲ್ಲಿ ‘ಬಟ್ಟ’ವೆಂದರೆ ವೃತ್ತ, ಅದು ವೃತ್ತ ಶಬ್ದದ ತದ್ಭವ. ನಕಾಶೆಯಲ್ಲಿ ಇವೆರಡನ್ನೂ ಬರೆಯಬೇಕು, ಯಾವುದು ಯಾರ ಮಾತೆಂದು ಗುರುತಿಸಿ ಬರೆಯಬೇಕು. ತಪ್ಪು ವ್ಯುತ್ಪತ್ತಿಯೂ ಒಂದು ಸಾಂಸ್ಕೃತಿಕ ಸಂಗತಿಯೇ: ಊರು ತನ್ನ ಹೆಸರನ್ನು ಒಬ್ಬ ವೈಯಾಕರಣನಿಗೆ ಕಟ್ಟಿಕೊಳ್ಳಲು ಬಯಸಿತೆಂಬುದು ಸಣ್ಣ ವಿಷಯವೇನಲ್ಲ.

ನವಾಯತರ ಮಾತು ಅರಬ್ಬಿ, ಪಾರಸಿ ಶಬ್ದಗಳು ಬೆರೆತ ಕೊಂಕಣಿಯ ಒಂದು ರೂಪ. ಅವರಲ್ಲಿ ‘ಶಾಬಂದ್ರಿ’ ಎಂಬ ಮನೆತನದ ಹೆಸರಿದೆ. ಪಾರಸಿಯಲ್ಲಿ ‘ಶಾಹ್‌ಬಂದರ್’ ಎಂದರೆ ಬಂದರಿನ ಅಧಿಕಾರಿ. ಬಂದರಿನ ಕಟ್ಟೆ ಹೂಳಿನಲ್ಲಿ ಮುಚ್ಚಿಹೋದರೂ ಅದರ ಹುದ್ದೆ ಒಂದು ಮನೆಯ ಬಾಗಿಲ ಮೇಲೆ ಉಳಿದಿದೆ. ಇದನ್ನು ಯಾವ ಬಣ್ಣದಲ್ಲಿ, ಯಾವ ಚಿಹ್ನೆಯಲ್ಲಿ ಗುರುತಿಸುವುದು? ಸ್ಮಾರಕಗಳ ನಕಾಶೆಗೆ ಇದು ಸಿಕ್ಕುವುದೇ ಇಲ್ಲ. ರಾಮನವಮಿಯಂದು ನಡೆಯುವ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ಮುಸ್ಲಿಂ ಮನೆತನಗಳಿಗೆ ಹೋಗಿ ಆಹ್ವಾನ ನೀಡುವ ವಾಡಿಕೆಯಿದೆ. ಆ ಆಹ್ವಾನ ನಡೆದುಹೋಗುವ ಓಣಿಯೂ ನಕಾಶೆಯಲ್ಲಿ ಒಂದು ಗೆರೆಯಾಗಬೇಕು. ಹಾಗೆಯೇ ಗೊಂಡರ ಢಕ್ಕೆ ಕುಣಿತಕ್ಕೆ ಒಂದೇ ಜಾಗವೆಂಬುದಿಲ್ಲ. ಅದನ್ನು ಚುಕ್ಕೆಯಿಟ್ಟು ತೋರಿಸಿದರೆ ಅದು ಸುಳ್ಳಾಗುತ್ತದೆ.

ಬುಕಾನನನ ಇನ್ನೊಂದು ಮಾತು ನಕಾಶೆ ಮಾಡುವವನಿಗೆ ಬಹಳ ಉಪಯುಕ್ತ. ಇಲ್ಲಿಯ ಮುಸಲ್ಮಾನ ವ್ಯಾಪಾರಿಗಳು ಕರಾವಳಿಯ ಬೇರೆ ಬೇರೆ ಊರುಗಳಿಗೆ ಹೋಗುತ್ತಾರೆ, ಸಂಸಾರವನ್ನು ಮಾತ್ರ ಭಟ್ಕಳದಲ್ಲಿಯೇ ಬಿಟ್ಟಿರುತ್ತಾರೆ ಎಂದು ಅವನು ಬರೆದಿದ್ದಾನೆ. ಇಂದು ಆ ಊರುಗಳ ಜಾಗದಲ್ಲಿ ದುಬೈ ಮೊದಲಾದ ಕೊಲ್ಲಿಯ ನಗರಗಳು ಬಂದಿವೆ, ರೀತಿ ಅದೇ. ಹಾಗಾದರೆ ಓಣಿಗಳನ್ನು ಬಲ್ಲವರು ಯಾರು? ಹೆಂಗಸರು. ಸಭೆ ಕರೆದು, ವೇದಿಕೆ ಹಾಕಿ, ಊರಿನ ಮುಖಂಡರನ್ನು ಕೂರಿಸಿ ‘ಸಮುದಾಯದ ಅಭಿಪ್ರಾಯ’ ಪಡೆದರೆ ಸಿಕ್ಕುವುದು ವರ್ಷದಲ್ಲಿ ಒಂದು ತಿಂಗಳು ಊರಿನಲ್ಲಿರುವವರ ನಕಾಶೆ.

ಈ ಪಾಠ ನಮ್ಮ ಬಿಜಾಪುರ ಸೀಮೆಗೆ ಹೊಸದಲ್ಲ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದಿನ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದಾಗ, ಊರಿನ ಜ್ಞಾನ ಯಾರ ಬಳಿಯಿದೆಯೆಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ಇಂಡಿಯ ಹತ್ತಿರದ ಸಾಲೋಟಗಿಯನ್ನೂ ನೆನೆಯಬೇಕು. 945ರ ಶಾಸನದಲ್ಲಿ ಆ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರು. ಶಾಲೆ ಅಳಿಯಿತು. ‘ಶಾಲಾ’ ಎಂಬುದು ಪಾವಿಟ್ಟಗೆಗೆ ಸೇರಿ ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಶಾಲೆಯನ್ನು ಮರೆತ ಜನ ಅದರ ಹೆಸರನ್ನು ಮಾತ್ರ ದಿನವೂ ಉಚ್ಚರಿಸುತ್ತ ಸಾವಿರ ವರ್ಷ ದಾಟಿಸಿದರು.

ನಕಾಶೆ ಮತ್ತು ಜನರ ಹೇಳಿಕೆಗಳನ್ನು ಕೂಡಿಸುವ ಕೆಲಸವೂ ಹೊಸತೇನಲ್ಲ. ಮೈಸೂರು ಸೀಮೆಯನ್ನು ಅಳೆದು ನಕಾಶೆ ಬರೆದ ಕಾಲಿನ್ ಮೆಕೆಂಜಿ ಜೊತೆಯಲ್ಲಿಯೇ ಊರೂರ ಕೈಫಿಯತ್ತುಗಳನ್ನು ಬರೆಸಿದನು. ಅವನ ಸಹಾಯಕರಲ್ಲಿ ಧರ್ಮಯ್ಯನೆಂಬ ಜೈನ ಪಂಡಿತನೂ ಇದ್ದನು. ಆದರೆ ಅಳತೆಯ ಹಾಳೆ ಒಂದು ಕಡೆ, ಕೈಫಿಯತ್ತಿನ ಕಡತ ಇನ್ನೊಂದು ಕಡೆ ಹೋಗಿ ಸೇರಿದವು. ಇಂದಿನ ತಂತ್ರಜ್ಞಾನ ಅವೆರಡನ್ನೂ ಒಂದೇ ಹಾಳೆಯ ಮೇಲೆ ತರಬಲ್ಲದು.

ಆದರೆ ಹಾಳೆಯ ಮೇಲೆ ಬರುವುದನ್ನು ಜನ ಬಯಸುತ್ತಾರೆಯೇ? ಇಲ್ಲಿ ನಮ್ಮಂಥ ಪುಸ್ತಕದ ಜನ ಸ್ವಲ್ಪ ನಿಲ್ಲಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಒತ್ತೊತ್ತಾಗಿ ಮನೆಗಳಿರುವ ಹಳೆಯ ಪೇಟೆಯಲ್ಲಿ, ಮಳೆಗಾಲಕ್ಕೆ ಮುನ್ನ ಮಾಡು ರಿಪೇರಿ ಮಾಡಿಸುವವನೂ ಅನುಮತಿಗೆ ಅರ್ಜಿ ಹಿಡಿಯಬೇಕು. ಹೀಗಿರುವಾಗ ಹಿತ್ತಲಿನಲ್ಲಿ ಒಂದು ವೀರಗಲ್ಲೋ ಜಿನಬಿಂಬದ ತುಂಡೋ ಇದ್ದರೆ ಅದನ್ನು ತೋರಿಸಲು ಯಾರು ತಾನೇ ಮುಂದೆ ಬಂದಾರು? ನಕಾಶೆಯಲ್ಲಿ ನಮೂದಾಗುವುದಕ್ಕೂ ಸಂರಕ್ಷಿತ ಪಟ್ಟಿಗೆ ಸೇರುವುದಕ್ಕೂ ಸಂಬಂಧವಿಲ್ಲವೆಂದು ಮೊದಲು ಸ್ಪಷ್ಟವಾಗಿ ತಿಳಿಸಬೇಕು. ಬೇಡವೆಂದವರ ಹಿತ್ತಲನ್ನು ಬಿಟ್ಟುಬಿಡಬೇಕು. ಒಂದು ಕಲ್ಲು ನಮ್ಮ ಲೆಕ್ಕಕ್ಕೆ ಸಿಗದೆ ಹೋದರೂ ಚಿಂತೆಯಿಲ್ಲ. ಹೆದರಿದವನು ಅದನ್ನು ರಾತ್ರೋರಾತ್ರಿ ಅಡಿಪಾಯಕ್ಕೆ ಹಾಕಿದರೆ ಎಂದೆಂದಿಗೂ ಸಿಗದು.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. 1993ರ ಗಲಭೆಗಳನ್ನು ಕಂಡ ಊರಿದು. ಅಲ್ಲಿ ಪ್ರತಿಯೊಂದು ಚುಕ್ಕೆಯನ್ನೂ ‘ಇದು ಮೊದಲು ಯಾರದು’ ಎಂಬ ದಾವೆಯೆಂದೇ ಓದುವವರಿರುತ್ತಾರೆ. ಭಟ್ಕಳದ ಜಾಮಿಯಾ ಮಸೀದಿಯನ್ನು ಜನ ‘ಚಿನ್ನದ ಪಳ್ಳಿ’ ಎನ್ನುತ್ತಾರೆ. ‘ಪಳ್ಳಿ’ ಎಂಬ ಶಬ್ದ ತಮಿಳು ಶಾಸನಗಳಲ್ಲಿ ಜೈನ ವಿಹಾರವನ್ನು ಹೇಳುತ್ತದೆ. ಮಲಯಾಳದಲ್ಲಿ ಅದು ಮಸೀದಿಗೂ ಚರ್ಚಿಗೂ ಸಲ್ಲುತ್ತದೆ. ಶಬ್ದ ಒಂದು ಧರ್ಮದಿಂದ ಇನ್ನೊಂದಕ್ಕೆ ನಡೆದುಬಂದಿದೆ, ಅಷ್ಟೆ. ಅದರಿಂದ ನೆಲದ ಬಗ್ಗೆ ಏನೂ ಸಿದ್ಧವಾಗುವುದಿಲ್ಲ. ಭಾಷೆಯ ಇತಿಹಾಸವನ್ನು ಜಾಗದ ಪಹಣಿಯೆಂದು ಓದುವ ಚಾಳಿ ಈಚೆಗೆ ಹೆಚ್ಚುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಕಾಶೆಯ ವಿವರಣೆಯಲ್ಲಿ ‘ಕಟ್ಟಿಸಿದವರು’, ‘ಈಗ ನೋಡಿಕೊಳ್ಳುವವರು’, ‘ಜನ ಕರೆಯುವ ಹೆಸರು’ ಎಂಬ ಅಂಕಣಗಳಿರಲಿ. ‘ಯಾರಿಗೆ ಸೇರಿದ್ದು’ ಎಂಬ ಅಂಕಣ ಬೇಡ.

ಕೊನೆಯದಾಗಿ ಯಾವ ಅಂಕಣಕ್ಕೂ ಸುಲಭವಾಗಿ ಸೇರದ ಒಂದು ಜಾಗವಿದೆ: ಇಂಗ್ಲಿಷ್ ವ್ಯಾಪಾರಿಗಳ ಹಳೆಯ ಗೋರಿಗಳು. ಅವುಗಳ ಮೇಲಿನ ವರ್ಷಗಳು 1637, 1638. ಮುಂದೆ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕನು ಬರೆದ ಕಥೆಯೊಂದು ಪ್ರಸಿದ್ಧವಾಯಿತು: 1670ರ ಸುಮಾರಿಗೆ ಇಂಗ್ಲಿಷರ ನಾಯಿಯೊಂದು ದೇವರಿಗೆ ಬಿಟ್ಟ ಹಸುವನ್ನು ಕೊಂದಿತಂತೆ, ಸಿಟ್ಟಿಗೆದ್ದ ಜನ ಹದಿನೆಂಟು ಮಂದಿಯನ್ನು ಕೊಂದರಂತೆ. ಗೋರಿಗಳ ಕಾಲಕ್ಕೂ ಕಥೆಯ ಕಾಲಕ್ಕೂ ಮೂರು ದಶಕಗಳ ಅಂತರ. ಸತ್ತವರ ವಂಶಜರು ಭಟ್ಕಳದಲ್ಲಿಲ್ಲ, ಅವರ ಭಾಷೆಯಲ್ಲಿ ಆ ಕಲ್ಲುಗಳ ಬಗ್ಗೆ ಮಾತಾಡುವ ಕೇರಿಯೂ ಇಲ್ಲ. ನಕಾಶೆ ಮಾಡುವವನು ತನ್ನ ಕೆಲಸವನ್ನು ಅಲ್ಲಿಂದಲೇ ಆರಂಭಿಸಲಿ. ಪಕ್ಕದ ಮನೆಯ ಬಾಗಿಲು ತಟ್ಟಿ, ಆ ಜಾಗವನ್ನು ಅವರ ಮನೆಯಲ್ಲಿ ಏನೆಂದು ಕರೆಯುತ್ತಾರೆಂದು ಕೇಳಿ, ಅವರು ಹೇಳಿದ ಶಬ್ದವನ್ನು ಹಾಗೆಯೇ, ನವಾಯತಿಯಾಗಲಿ ಕೊಂಕಣಿಯಾಗಲಿ ಕನ್ನಡವಾಗಲಿ, ಬರೆದುಕೊಳ್ಳಲಿ.