ಸೀಟಿನ ಹಿಂದಿನ ಇಪ್ಪತ್ತು ಲೀಟರ್

ಹಿಂಜವಡಿ–ವಾಕಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೇ ನಮ್ಮ ಮಾತು ಕೇಳೋರು ಬಹಳ ಜನ ಇದ್ದೀರಿ ಅಂತ ಗೊತ್ತು. ಇವತ್ತು ಗಾಡಿಯೊಳಗಿನ ಬೇಸ್ ಬಗ್ಗೆ ಮಾತಾಡೋಣ, ಅಂದ್ರೆ ಗಾಳಿಯ ಬಗ್ಗೆ.

ನನ್ನದು ಹಳೇ ಡಬಲ್ ಕ್ಯಾಬ್ ಪಿಕಪ್. ಡಿಕ್ಕಿ ಇಲ್ಲ. ಸಬ್‌ವೂಫರ್ ಇಡೋಕೆ ಉಳಿದದ್ದು ಹಿಂದಿನ ಸೀಟಿಗೂ ಕ್ಯಾಬಿನ್ ಗೋಡೆಗೂ ನಡುವಿನ ಸಂದಿ. ರಟ್ಟು ಕತ್ತರಿಸಿ ಅಳತೆ ತೆಗೆದೆ, ಪೆಟ್ಟಿಗೆಯೊಳಗೆ 14 ಲೀಟರ್ ಗಾಳಿ ಹಿಡಿಯುತ್ತೆ ಅಂತಾಯ್ತು. ಹತ್ತಿಂಚಿನ ಸ್ಪೀಕರಿನ ಜೊತೆ ಬಂದ ಚೀಟಿ ಕೇಳಿದ್ದು 20.

ಈ 20 ಎಲ್ಲಿಂದ ಬಂತು? 1950ರ ಸುಮಾರಿಗೆ ಒಳ್ಳೇ ಬೇಸ್ ಬೇಕಂದ್ರೆ ಬಟ್ಟೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ತನ್ನ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿದರು. ವಿಲ್ಚರ್ ಮಾಡಿದ್ದಿಷ್ಟೇ: ಸ್ಪೀಕರಿನ ಕೋನನ್ನ ಸಡಿಲ ಬಿಟ್ಟು, ಪೆಟ್ಟಿಗೆಯನ್ನ ಗಾಳಿ ಆಡದ ಹಾಗೆ ಮುಚ್ಚಿದರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗ್ ಆಯ್ತು. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಅದೇ. ದೊಡ್ಡ ಬೇಸ್ ಪುಸ್ತಕದ ಕಪಾಟಿನ ಮೇಲೆ ಕೂತಿತು.

ಆದರೆ ಗಾಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ. ಕೆಳಗಿನ ಸ್ವರ ಬತ್ತಿ, ಮಧ್ಯದಲ್ಲೆಲ್ಲೋ ಡಬ್ಬ ಬಡಿದ ಹಾಗೆ ಉಬ್ಬು ಬರುತ್ತೆ. ಈ ಲೆಕ್ಕವನ್ನ ಸೂತ್ರಕ್ಕಿಳಿಸಿದ್ದು ಆಸ್ಟ್ರೇಲಿಯಾದಲ್ಲಿ: 1961ರಲ್ಲಿ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್. ನನ್ನ ಚೀಟಿಯಲ್ಲಿದ್ದ ಅಂಕಿಗಳಿಗೆ ಇವತ್ತಿಗೂ ಅವರಿಬ್ಬರದೇ ಹೆಸರು.

ಕ್ಲಾಸ್ 1957ರಲ್ಲಿ ಬೇರೆ ಹೋಗಿ ಕೆಎಲ್‌ಎಚ್ ಶುರು ಮಾಡಿದಾಗ ಜೊತೆಗಿದ್ದ ಆಂಟನ್ ಹಾಫ್‌ಮನ್ ಒಂದು ನಿಷ್ಠುರ ನಿಯಮ ಹೇಳಿದರು. ಸಣ್ಣ ಪೆಟ್ಟಿಗೆ, ಆಳದ ಸ್ವರ, ಕಡಿಮೆ ಪವರ್‌ಗೆ ಜೋರು ದನಿ: ಮೂರರಲ್ಲಿ ಎರಡೇ ಸಿಗೋದು. ಅಷ್ಟೇ ಪವರ್‌ನಲ್ಲಿ ಒಂದು ಸಪ್ತಕ ಕೆಳಗಿಳಿಯಬೇಕಂದ್ರೆ ಪೆಟ್ಟಿಗೆ ಎಂಟು ಪಟ್ಟು ದೊಡ್ಡದಾಗಬೇಕು! ಈಗ ಆಂಪ್ಲಿಫೈಯರ್ ಅಗ್ಗ, ಅದಕ್ಕೇ ಎಲ್ಲರೂ ಮೂರನೆಯದನ್ನ ಬಿಡ್ತಾರೆ.

(ಇಲ್ಲಿ ಗಣೇಶೋತ್ಸವದ ಸ್ಪೀಕರ್ ಗೋಡೆಗೆ ಜನ ‘ಡಾಲ್ಬಿ’ ಅಂತಾರಲ್ಲ? ರೇ ಡಾಲ್ಬಿ 1965ರಲ್ಲಿ ಕಂಪನಿ ತೆರೆದದ್ದು ಟೇಪಿನ ಗದ್ದಲ ಕಡಿಮೆ ಮಾಡೋಕೆ. ಪಾಪ.)

ನನಗೆ ಯಾವುದನ್ನೂ ಬಿಡೋ ಮನಸ್ಸಿರಲಿಲ್ಲ. ಆರು ಲೀಟರ್ ಅಂದ್ರೆ ನನ್ನ ಪೆಟ್ಟಿಗೆಯ ಅಗಲ-ಎತ್ತರಕ್ಕೆ ಬರೀ ಎರಡೂಕಾಲು ಸೆಂಟಿಮೀಟರ್ ದಪ್ಪ. ಸೀಟಿನ ಕೊಂಡಿಗೆ ಕಬ್ಬಿಣದ ತುಂಡು ಕೊಟ್ಟು ಬೆನ್ನನ್ನ ಅಷ್ಟು ಮುಂದಕ್ಕೆ ತಂದೆ. ಬೇಸ್ ಅಮೋಘ.

ಮುಂದಿನ ತಿಂಗಳು ಧಾರವಾಡದಿಂದ ಅಪ್ಪ-ಅವ್ವನ್ನ ಕರ್ಕೊಂಡು ಹೊರಟೆ. ಮುಂದೆ ಅವ್ವ, ಹಿಂದೆ ಅಪ್ಪ. ಅವರ ಬೆನ್ನಿನ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ನಿಪ್ಪಾಣಿ ಬರೋ ಹೊತ್ತಿಗೆ, “ತಮ್ಮಾ, ಈ ಸೀಟ ನನ್ನ ಮುಂದಕ್ಕ ದೂಡ್ಲಿಕ್ಕತ್ತದ” ಅಂದರು. ಕಾರಣ ಹೇಳಿದೆ. “ಡಬ್ಬಿಗೆ ಜಾಗಾ ಮಾಡಿ. ನನ್ನ ಬೆನ್ನಿಗೆ?” ಆಮೇಲೆ ಕರಾಡ್‌ತನಕ ಇಬ್ಬರೂ ಮಾತಾಡಲಿಲ್ಲ.

ಅಪಘಾತ ಆದರೆ ಸೀಟನ್ನ ಹಿಡಿದಿಡೋದು ಆ ಕೊಂಡಿಯೇ ಅನ್ನೋದು ನನ್ನ ತಲೆಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ. ಮರುದಿನವೇ ತುಂಡು ತೆಗೆಸಿದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಪ್ಲೈವುಡ್ ತಂದು 14 ಲೀಟರಿನದೇ ಹೊಸ ಪೆಟ್ಟಿಗೆ ಮಾಡಿಸಿ, ಅಲುಗದಂತೆ ಬೋಲ್ಟ್ ಹಾಕಿದ್ದಾಯ್ತು. ಒಳಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಿದೆ. ಒತ್ತಿದ ಗಾಳಿಯ ಬಿಸಿಯನ್ನ ಅದು ಹೀರಿಕೊಳ್ಳುತ್ತೆ, ಸ್ಪೀಕರಿಗೆ ಪೆಟ್ಟಿಗೆ ಸ್ವಲ್ಪ ದೊಡ್ಡದು ಅನ್ನಿಸುತ್ತೆ. ಸಣ್ಣ ಕ್ಯಾಬಿನ್ ಕೂಡ ಕೆಳಗಿನ ಸ್ವರವನ್ನ ತಾನೇ ಎತ್ತಿ ಕೊಡುತ್ತೆ. ಸಿನಿಮಾದ ಸ್ಫೋಟದ ಕೊನೇ ಗುಡುಗು ಮಾತ್ರ ಹೋಯ್ತು.

ಅಪ್ಪನ್ನ ಹಿಂದೆ ಕೂರಿಸಿ, ಗದಗಿನಿಂದ ಬಂದು ಪುಣೆಯವರೇ ಆದ ಭೀಮಸೇನ ಜೋಶಿಯವರನ್ನ ಹಾಕಿದೆ. ಅಪ್ಪ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು.

“ಡಗ್ಗಾ ಚೊಲೋ ಕೇಳ್ತದ” ಅಂದರು. “ಸ್ವಲ್ಪ ಸಣ್ಣ ಮಾಡು.”