ಮಿಲ್ಟ್ರಿ ಲಾರಿ ಬೆಂಗಳೂರಿಗೆ ಬಂದು ಏದುಸಿರು ಬಿಟ್ಟಿದ್ದೇಕೆ?

ಲಾರಿಯ ಕಾಯಿಲೆಯನ್ನು ಹಳೇ ಡ್ರೈವರ್‌ಗಳು ಒಂದೇ ಮಾತಿನಲ್ಲಿ ಹೇಳುತ್ತಾರೆ: ‘ಗಾಡಿ ಎಳೀತಾ ಇಲ್ಲ.’ ಸ್ಟಾರ್ಟ್ ಆಗುತ್ತದೆ, ಖಾಲಿ ಇದ್ದಾಗ ಓಡುತ್ತದೆ, ಲೋಡ್ ಹಾಕಿ ಏರು ಹತ್ತಿಸಿದರೆ ಉಸಿರು ಕಟ್ಟುತ್ತದೆ. ಇದಕ್ಕೆ ಹತ್ತಾರು ಕಾರಣ ಇರಬಹುದು. ಆದರೆ ಎರಡನೇ ಮಹಾಯುದ್ಧದ ಪೆಟ್ರೋಲ್ ಲಾರಿಗಳಿಗೆ ಇಲ್ಲಿ ಇನ್ನೊಂದು ಕಾರಣವೂ ಇತ್ತು. ಅದು ಎಂಜಿನ್ ಒಳಗಿರಲಿಲ್ಲ, ಬೆಂಗಳೂರು ಕೂತಿರುವ ಎತ್ತರದಲ್ಲಿತ್ತು.

ಮೊದಲು ಆ ಲಾರಿಗಳ ವಿಷಯ. ಬರ್ಮಾ ಕಡೆಯ ಯುದ್ಧಕ್ಕೆಂದು ಅಮೆರಿಕ, ಕೆನಡಾಗಳಿಂದ ಭಾರತಕ್ಕೆ ರಾಶಿ ರಾಶಿ ಲಾರಿ ಬಂದವು. ಅಮೆರಿಕದ ಜಿಎಂಸಿ ಲಾರಿಗೆ ಆರು ಸಿಲಿಂಡರಿನ, ಸುಮಾರು 4.4 ಲೀಟರ್ ಪೆಟ್ರೋಲ್ ಎಂಜಿನ್. ಅಂಥವು ಐದೂವರೆ ಲಕ್ಷಕ್ಕೂ ಹೆಚ್ಚು ತಯಾರಾದವು. ಕೆನಡಾದಿಂದ ಬಂದದ್ದು ಚಪ್ಪಟೆ ಮೂತಿಯ ಲಾರಿ. ಮೈಕಟ್ಟು ಒಂದೇ ತರಹ, ಒಳಗೆ ಮಾತ್ರ ಕೆಲವಕ್ಕೆ ಫೋರ್ಡ್‌ನ ಎಂಟು ಸಿಲಿಂಡರ್, ಕೆಲವಕ್ಕೆ ಷೆವರ್ಲೆಯ ಆರು ಸಿಲಿಂಡರ್. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಗಾಡಿಗಳು ಹರಾಜಿಗೆ ಬಂದವು. ‘ಮಿಲ್ಟ್ರಿ ಡಿಸ್ಪೋಸಲ್’ ಎಂಬ ಮಾತು ಹಳ್ಳಿಯವರ ಬಾಯಿಗೂ ಬಂದದ್ದು ಆಗಲೇ. ಸೈನಿಕರನ್ನು ಹೊತ್ತ ಗಾಡಿಗಳು ಮರ, ಕಲ್ಲು, ಬೆಲ್ಲ ಹೊರತೊಡಗಿದವು.

ಅದಕ್ಕೂ ಮುಂಚೆ ಜನ ನೋಡಿದ್ದು ಇದ್ದಿಲು ಬಸ್ಸು. ಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿಗೆ ಒಲೆಯಂಥ ಡ್ರಮ್ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸುತ್ತಿದ್ದರು. ಪೆಟ್ರೋಲಿನಲ್ಲಿ ಸಿಗುವ ಶಕ್ತಿಯಲ್ಲಿ ಅರ್ಧದಷ್ಟು ಸಿಕ್ಕರೆ ಪುಣ್ಯ. ಏರು ಬಂದರೆ ಪ್ಯಾಸೆಂಜರ್‌ಗಳು ಇಳಿದು ತಳ್ಳಬೇಕು. ಅದನ್ನು ಕಂಡವರ ಕಣ್ಣಿಗೆ ಮಿಲ್ಟ್ರಿ ಲಾರಿ ಆನೆಯಂತೆ ಕಂಡಿರಲೇಬೇಕು. ಆ ಆನೆಯೂ ಇಲ್ಲಿಗೆ ಬಂದು ಸ್ವಲ್ಪ ಬಡವಾಯಿತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಪೆಟ್ರೋಲ್ ಎಂಜಿನ್ ಗಾಳಿ ತಿಂದೇ ಬದುಕುವ ಪ್ರಾಣಿ. ಪ್ರತಿ ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರು ಪಾಲು ಶಕ್ತಿ ಹೋಗುತ್ತದೆ ಎನ್ನುವುದು ಮೆಕ್ಯಾನಿಕ್‌ಗಳ ಲೆಕ್ಕ. ಅಂದರೆ ಮದ್ರಾಸಿನ ಬಂದರಿನಲ್ಲಿ ನೂರು ಕುದುರೆ ಶಕ್ತಿ ಕೊಡುವ ಎಂಜಿನ್ ಇಲ್ಲಿಗೆ ಬಂದರೆ ತೊಂಬತ್ತರ ಆಸುಪಾಸು. ಕೆಟ್ಟಿದ್ದೇನೂ ಇಲ್ಲ, ಆದರೂ ಹತ್ತು ಕುದುರೆ ಮಾಯ!

ಮೇಲಾಗಿ ಕಾರ್ಬುರೇಟರ್‌ಗೆ ಗಾಳಿ ತೆಳುವಾಗಿರುವುದು ಗೊತ್ತಾಗುವುದಿಲ್ಲ. ಕೆಳಗಿನ ಊರಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಗಾಗುತ್ತದೆ, ಮೈಲೇಜ್ ಇಳಿಯುತ್ತದೆ. ಇಂಥ ಪ್ಲಗ್ ನೋಡಿ ‘ರಿಂಗ್ ಹೋಗಿದೆ, ಎಂಜಿನ್ ಇಳಿಸಿ’ ಎಂದುಬಿಟ್ಟರೆ ಮಾಲೀಕನ ಗತಿ ಏನು? ಒಣ ಮಸಿ ಬೇರೆ, ಎಣ್ಣೆ ಜಿಡ್ಡು ಬೇರೆ. ಮಸಿ ಒಣಗಿದ್ದರೆ ಪೆಟ್ರೋಲ್ ಹೆಚ್ಚು, ಜಿಡ್ಡಿದ್ದರೆ ಎಣ್ಣೆ ಒಳಗೆ ಬರುತ್ತಿದೆ. ಬೆರಳಲ್ಲಿ ಒರೆಸಿ ನೋಡಿದರೆ ತಿಳಿಯುವಂಥ ವ್ಯತ್ಯಾಸ ಇದು.

ಇದೇ ಮೋಸ ವ್ಯಾಕ್ಯೂಮ್ ಗೇಜಿನಲ್ಲೂ ಇದೆ. ಎಂಜಿನ್ ಎಷ್ಟು ಬಲವಾಗಿ ಗಾಳಿ ಎಳೆಯುತ್ತಿದೆ ಎಂದು ತೋರಿಸುವ ಗಡಿಯಾರದಂಥ ಸಾಧನ ಅದು. ಎಂಜಿನ್ ಬಿಚ್ಚದೆ ರೋಗ ಹೇಳುವುದರಲ್ಲಿ ನನ್ನ ಪ್ರಕಾರ ಇದನ್ನು ಮೀರಿಸಿದ್ದು ಇಲ್ಲ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡಲಿಂಗ್‌ನಲ್ಲಿ 18ರಿಂದ 21 ಇಂಚು ತೋರಿಸಬೇಕು. ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆದರೆ ಬೆಂಗಳೂರಿನಲ್ಲಿ 15ರಿಂದ 18 ಬಂದರೂ ಎಂಜಿನ್ ಆರೋಗ್ಯವಾಗಿದೆ ಎಂದೇ ಅರ್ಥ. ಪುಸ್ತಕದ ಅಂಕಿಯನ್ನು ಇಲ್ಲಿ ಹಾಗೇ ಹಿಡಿದರೆ ಗಟ್ಟಿ ಎಂಜಿನ್ನೂ ರೋಗಿಯಂತೆ ಕಾಣುತ್ತದೆ.

ಅಂಕಿಗಿಂತ ಮುಳ್ಳಿನ ಕುಣಿತ ಮುಖ್ಯ. ಮುಳ್ಳು ಅಲುಗದೆ ಕೆಳಗೇ ನಿಂತಿದ್ದರೆ ಟೈಮಿಂಗ್ ಹಿಂದೆ ಬಿದ್ದಿರಬೇಕು, ಇಲ್ಲವೇ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿರಬೇಕು. ತಾಳ ಹಾಕಿದಂತೆ ಆಗಾಗ ಹಿಂದಕ್ಕೆ ಜಗ್ಗಿದರೆ ಯಾವುದೋ ಒಂದು ವಾಲ್ವ್ ಕೂರುತ್ತಿಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿದೆ.

ಗೇಜ್ ಇಲ್ಲದವರಿಗೆ ಕ್ರ್ಯಾಂಕ್ ಹ್ಯಾಂಡಲ್ ಇತ್ತು. ಕೈಯಲ್ಲಿ ನಿಧಾನ ತಿರುಗಿಸಿದರೆ ಪ್ರತಿ ಸಿಲಿಂಡರಿನ ಕಂಪ್ರೆಷನ್ ಕೈಗೆ ಒತ್ತಾಗಿ ತಾಗುತ್ತದೆ. ಒಂದು ಕಡೆ ಸಡಿಲ ಅನ್ನಿಸಿತೋ, ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಬೇಕು. ಬಿಗಿಯಾದರೆ ರಿಂಗ್ ಸವೆದಿದೆ, ಬದಲಾಗದಿದ್ದರೆ ವಾಲ್ವ್ ಸುಟ್ಟಿದೆ. ವಾಲ್ವ್ ಉಜ್ಜಿಸುವುದಕ್ಕೂ ಪೂರಾ ಎಂಜಿನ್ ಬೋರ್ ಮಾಡಿಸುವುದಕ್ಕೂ ಖರ್ಚಿನ ವ್ಯತ್ಯಾಸ ಎಷ್ಟೆಂದು ಟ್ರಾಕ್ಟರ್ ಇಟ್ಟವರಿಗೆ ಹೇಳಬೇಕಿಲ್ಲ.

ಮಿಲ್ಟ್ರಿ ಗಾಡಿಗೇ ಅಂಟಿದ ಕಾಯಿಲೆಗಳೂ ಇದ್ದವು. ಜಿಎಂಸಿ ಎಂಜಿನ್ನಿನ ವೇಗ ಮಿತಿ ಮೀರದಂತೆ ಕಾರ್ಬುರೇಟರ್ ಕೆಳಗೆ ಗವರ್ನರ್ ಕೂರಿಸಿದ್ದರು. ಅದು ಜಿಡ್ಡುಗಟ್ಟಿ ಅರ್ಧ ಮುಚ್ಚಿ ನಿಂತರೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ಏಳದು. ಮುಂದಿನ ಚಕ್ರಗಳಿಗೂ ಡ್ರೈವ್ ಕೊಡುವ ಲಿವರ್ ಹಾಕಿಯೇ ಟಾರು ರಸ್ತೆಯಲ್ಲಿ ಓಡಿಸಿದರೆ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಶಕ್ತಿ ತಿನ್ನುತ್ತವೆ. ಬ್ರೇಕ್ ಹಿಡಿದುಕೊಂಡಿದ್ದರೂ ಅಷ್ಟೇ. ಇವು ಎಂಜಿನ್ ದೋಷವೇ ಅಲ್ಲ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡುವ ಎರಡು ನಿಮಿಷದ ಕೆಲಸ ಬಿಟ್ಟು ನೇರ ಬಾನೆಟ್ಟಿಗೆ ಕೈ ಹಾಕುವವರು ಆಗಲೂ ಇದ್ದಿರಬೇಕು, ಈಗಂತೂ ಇದ್ದಾರೆ.

ಫೋರ್ಡ್‌ನ ಕಥೆ ಬೇರೆ. ಅದರ ಪೆಟ್ರೋಲ್ ಪಂಪ್ ಬಿಸಿ ಎಂಜಿನ್ನಿನ ತಲೆಯ ಮೇಲೇ ಕೂತಿತ್ತು. ಎಂಜಿನ್ ಕಾದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಬರೀ ಗಾಳಿ ಎಳೆಯುತ್ತದೆ. ಮದ್ದೂರಿನಿಂದ ರಾಮನಗರ, ಬಿಡದಿ, ಕೆಂಗೇರಿ ಹಾದು ಬೆಂಗಳೂರು ಮುಟ್ಟುವಷ್ಟರಲ್ಲಿ ರಸ್ತೆ 250 ಮೀಟರಿನಷ್ಟು ಮೇಲೇರುತ್ತದೆ. ಬೇಸಿಗೆಯ ಮಧ್ಯಾಹ್ನ, ಮಂಡ್ಯದ ಬೆಲ್ಲದ ಲೋಡ್ ಜೊತೆಯಾದರೆ ಈ ಕಾಯಿಲೆಗೆ ಬೇರೆ ನೆಪ ಬೇಕಿಲ್ಲ. ಈ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ರೇಡಿಯೇಟರ್ ಕೂಡ ಬೇಗ ಸೋಲುತ್ತದೆ. ಮದ್ದು ಸುಲಭ: ನೆರಳಿಗೆ ನಿಲ್ಲಿಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು. ಅರ್ಧ ಗಂಟೆಯಲ್ಲಿ ಗಾಡಿ ತಾನೇ ಸರಿಹೋದರೆ ಅದು ಆವಿಯ ಆಟ. ತಣ್ಣಗಿದ್ದಾಗಲೂ ಎಳೆಯದಿದ್ದರೆ ಟ್ಯಾಂಕಿನ ತುಕ್ಕು, ಫಿಲ್ಟರ್, ಪಾಯಿಂಟ್, ಕಂಡೆನ್ಸರ್ ನೋಡಬೇಕು.

1949ರಲ್ಲಿ ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ಶುರುವಾದ ಮೇಲೆ ನಗರದ ಪಶ್ಚಿಮ ಭಾಗದಲ್ಲಿ ಲೇತ್, ಬೋರಿಂಗ್, ಗ್ರೈಂಡಿಂಗ್ ಕೆಲಸದ ಶೆಡ್‌ಗಳು ಬೆಳೆದವು. ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಆ ಸದ್ದು ಈಗಲೂ ಇದೆ. ಡಿಸ್ಪೋಸಲ್ ಲಾರಿಗಳ ಕಾಲ ಮಾತ್ರ ಹೆಚ್ಚು ಉಳಿಯಲಿಲ್ಲ. 1954ರಿಂದ ಜಮ್‌ಷೆಡ್‌ಪುರದ ಟಾಟಾ ಮರ್ಸಿಡಿಸ್ ಡೀಸೆಲ್ ಲಾರಿ ಬಂತು. ಹಳೇ ಗಾಡಿ ಬಿಡಲೊಲ್ಲದವರು ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಕೂರಿಸಿದರು.

ಸೈನ್ಯದಲ್ಲಿ ಪೆಟ್ರೋಲ್ ಗಾಡಿ ಮುಂದೆಯೂ ಉಳಿಯಿತು. ಜಬಲ್ಪುರದ ಜೋಂಗಾಗೆ ಹೆಚ್ಚುಕಡಿಮೆ ನಾಲ್ಕು ಲೀಟರಿನ, ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಹರಾಜಿನಲ್ಲಿ ತಂದ ಜೋಂಗಾ ನಿಮ್ಮ ಊರಿನ ಕಡೆ ಇದ್ದರೆ ಈ ಪರೀಕ್ಷೆಗಳೆಲ್ಲ ಅದಕ್ಕೂ ನಡೆಯುತ್ತವೆ. ಈಗ ಒಂದು ಹೊಸ ಕಾರಣ ಸೇರಿಕೊಂಡಿದೆ: ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ತಮಾಷೆ ಎಂದರೆ, ಎತ್ತರದ ಊರಿನಲ್ಲಿ ಕಾರ್ಬುರೇಟರ್ ಹೆಚ್ಚಾಗಿ ಸುರಿಯುತ್ತಿದ್ದ ಪೆಟ್ರೋಲಿನ ಲೆಕ್ಕ ಎಥನಾಲಿನಿಂದ ಒಂದಿಷ್ಟು ಸರಿತೂಗುತ್ತದೆ. ಹಳೇ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಮ್‌ಗೆ ಮಾತ್ರ ಅದು ಒಗ್ಗುವುದಿಲ್ಲ. ರಬ್ಬರ್ ಉಬ್ಬಿ, ಚೂರು ಬಿಟ್ಟು, ಜೆಟ್ ಕಟ್ಟಿಕೊಳ್ಳುತ್ತದೆ. ಗಾಡಿ ಎಳೀತಾ ಇಲ್ಲ ಅನ್ನಿಸಿದರೆ ಈಗ ಮೊದಲು ಬಿಚ್ಚಿ ನೋಡಬೇಕಾದ್ದು ಆ ಪೈಪನ್ನೇ.