ನವಲಗುಂದದ ರಾಮರಾವ್ ಯಾರ ಮಗ?

ಥಾಮಸ್ ಮನ್ರೋ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮಂತ್ರಾಲಯ. ರಾಯರು ಬೃಂದಾವನದಿಂದಲೇ ಅವನೊಡನೆ ಮಾತನಾಡಿದರೆಂಬ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳದವರು ಕಡಿಮೆ. ಅದೇ ಮನ್ರೋನಿಗೂ ನವಲಗುಂದಕ್ಕೂ ಇರುವ ನಂಟು ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ. ನಾನು ಕಾಗದಗಳಲ್ಲಿ ಅವನ ಬೆನ್ನು ಹತ್ತಿದ್ದು ಆ ನಂಟಿನಿಂದಾಗಿ. ಅವನ ಹೆಸರಿನಲ್ಲಿ ಊರು ಗೆದ್ದುಕೊಟ್ಟವರ ಮನೆತನಗಳು ಎಲ್ಲಿ ಹೋದವು ಎಂಬುದು ನನಗೆ ಬೇಕಾಗಿತ್ತು.

ಧಾರವಾಡ ಜಿಲ್ಲೆಯ 1884ರ ಗೆಜೆಟಿಯರ್ ಕಥೆಯ ಎಲುಬುಗೂಡನ್ನು ಕೊಡುತ್ತದೆ. 1817ರಲ್ಲಿ ಧಾರವಾಡ ಕಂಪನಿಯ ಕೈಗೆ ಬಂದಾಗ ಅದನ್ನು ವಹಿಸಿಕೊಂಡವನು ಮನ್ರೋ. ವರ್ಷದ ಕೊನೆಗೆ ಪೇಶ್ವೆಯೊಡನೆ ಯುದ್ಧ ಹತ್ತಿತು. ಅವನ ಬಳಿ ಹೇಳಿಕೊಳ್ಳುವಂಥ ಸೈನ್ಯವಿರಲಿಲ್ಲ. ಹಾಗಾಗಿ ಸ್ಥಳೀಯ ಪೇದೆಗಳನ್ನೇ ಕೂಡಿಸಿದ, ಅಮಲ್ದಾರರನ್ನು ನೇಮಿಸಿ ಒಬ್ಬೊಬ್ಬರನ್ನು ಒಂದೊಂದು ಸೀಮೆಗೆ ಅಟ್ಟಿದ. ನವಲಗುಂದಕ್ಕೆ ಹೋದವನು ರಾಮರಾವ್, ಜೊತೆಗೆ 500ರಷ್ಟು ಪೇದೆಗಳು. ಆ ಹೊತ್ತಿಗೆ ಪೇಶ್ವೆಯ ಸರದಾರ ಬಾಪು ಗೋಖಲೆಯ ಮಗ ಗೋವಿಂದರಾವ್ 700ರಷ್ಟು ಕುದುರೆ ಸವಾರರೊಂದಿಗೆ ಊರಲ್ಲಿದ್ದ. ರಾಮರಾವ್ ಗೊತ್ತಾಗದಂತೆ ಮೇಲೆ ಬಿದ್ದು ಅವರನ್ನು ಓಡಿಸಿದ. ಕೆಲವೇ ದಿನಗಳಲ್ಲಿ ಕಾಶೀರಾವ್ ಗೋಖಲೆ ಬಂದು ಅವನನ್ನೇ ಊರೊಳಗೆ ಮುತ್ತಿದ. ಧಾರವಾಡದಿಂದ ಮನ್ರೋ ತೋಪುಗಳೊಂದಿಗೆ ಬಂದ ಮೇಲೆ ಮುತ್ತಿಗೆ ಸಡಿಲಿತು. ಮುಂದೆ ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿ ಒಂದರ ಹಿಂದೊಂದು ಬಿದ್ದವು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮನ್ರೋನನ್ನು ಹೊಗಳಿದರು. ಪೇದೆಗಳ ಹೆಸರು ಅಲ್ಲಿಯವರೆಗೆ ಹೋಗಲಿಲ್ಲ.

ಮನ್ರೋನ ಮನೆತನ ಹುಡುಕುವುದು ಕಷ್ಟವೇನಲ್ಲ. ಅವನು ಹುಟ್ಟಿದ್ದು 1761ರ ಮೇ 27ರಂದು, ಗ್ಲಾಸ್ಗೋದಲ್ಲಿ. ತಂದೆ ಅಲೆಕ್ಸಾಂಡರ್ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಮುಳುಗಿಹೋದ. ಹೀಗಾಗಿ ಮಗ ಕಂಪನಿಯ ಚಾಕರಿ ಹಿಡಿದು 1780ರಲ್ಲಿ ಮದ್ರಾಸಿಗೆ ಬಂದ. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಜೊತೆ ಮದುವೆ. 1819ರಲ್ಲಿ ಹಿರಿಮಗ ಥಾಮಸ್, 1823ರಲ್ಲಿ ಕಿರಿಮಗ ಕ್ಯಾಂಪ್‌ಬೆಲ್. 1830ರಲ್ಲಿ ಗ್ಲೆಗ್ ಎಂಬವರು ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಪತ್ರಗಳೂ ಇವೆ. 1826ರಲ್ಲಿ ಕಿರಿಮಗನ ಆರೋಗ್ಯ ಕೆಟ್ಟು ಜೇನ್ ಅವನನ್ನು ಕರೆದುಕೊಂಡು ಹಡಗು ಹತ್ತಿದಳು. ಗಿಂಡಿಯ ತೋಟದ ಮನೆ ಹೇಗೆ ಬಿಕೋ ಎನ್ನುತ್ತಿದೆ ಎಂದು ಆಗ ಮದ್ರಾಸಿನ ಗವರ್ನರ್ ಆಗಿದ್ದ ಮನ್ರೋ ಹೆಂಡತಿಗೆ ಬರೆದ ಪತ್ರ ಓದುವಾಗ ಅವನು ಆಳುವವ ಎಂಬುದು ಮರೆತುಹೋಗುತ್ತದೆ.

ಅವನ ಸಾವಿಗೂ ಗಂಟೆಗಳ ಲೆಕ್ಕವಿದೆ. ರಾಜೀನಾಮೆ ಕೊಟ್ಟಿದ್ದ, ಮುಂದಿನ ಗವರ್ನರ್ ಬರುವುದು ತಡವಾಯಿತು. ಹಳೆಯ ಜಿಲ್ಲೆಗಳನ್ನು ಕೊನೆಯದಾಗಿ ನೋಡಿ ಬರೋಣವೆಂದು ಹೊರಟ. ಗುತ್ತಿಯ ಹತ್ತಿರ ದಂಡಿನಲ್ಲಿ ವಾಂತಿಭೇದಿ, ಅಂದರೆ ಕಾಲರಾ, ಕಾಣಿಸಿಕೊಂಡಿತು. 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಬೆಳಿಗ್ಗೆ ಅವನಿಗೂ ಹತ್ತಿತು, ರಾತ್ರಿ ಒಂಬತ್ತೂವರೆಗೆ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು. 1831ರಲ್ಲಿ ಅವಶೇಷಗಳನ್ನು ಮದ್ರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು.

ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮೈ ಜುಮ್ಮೆಂದಿತು. ಬಂಗಾಳದ ಜೆಸ್ಸೋರ್‌ನಲ್ಲಿ ಕಾಲರಾ ಸಿಡಿದದ್ದು 1817ರಲ್ಲಿ, ನವಲಗುಂದದ ಕಾಳಗದ ವರ್ಷದಲ್ಲೇ. ಮರುವರ್ಷ ದಂಡು ನಡೆದ ದಾರಿಗಳಲ್ಲಿ ಅದು ದಖ್ಖನಿಗೆ ಇಳಿಯಿತು. ನವಲಗುಂದದ ಎರೆಭೂಮಿಯಲ್ಲಿ ಬಾವಿ ನೀರು ಸವಳು, ಕುಡಿಯಲು ಕೆರೆಯ ನೀರೇ ಗತಿ. ಊರಿಗೆ ಊರೇ ಕೊಡ ಮುಳುಗಿಸುವ ಕೆರೆಗೆ ಈ ರೋಗ ಬಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ನೀರಿನಿಂದಲೇ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ ತೋರಿಸಿದ್ದು 1854ರಲ್ಲಿ. ಅಲ್ಲಿಯವರೆಗೂ, ಆಮೇಲೂ ನಮ್ಮ ಹಳ್ಳಿಗಳು ದುರ್ಗವ್ವನಿಗೆ ಹರಕೆ ಹೊತ್ತವು, ಮಾರಿಯನ್ನು ಗಡಿ ದಾಟಿಸಿದವು. ಆಮೇಲಿನ ದಶಕಗಳ ಮುಂಬಯಿ ಸರ್ಕಾರದ ಆರೋಗ್ಯ ವರದಿಗಳಲ್ಲಿ ಕಾಲರಾದಿಂದ ಸತ್ತವರು ಜಿಲ್ಲೆಗೊಂದು ಅಂಕಿಯಾಗಿದ್ದಾರೆ, ಅಷ್ಟೇ. ಗವರ್ನರನ ಸಾವಿಗೆ ಗಳಿಗೆ ಗಳಿಗೆಯ ವಿವರ, ರೈತನ ಸಾವಿಗೆ ಒಂದು ಸೊನ್ನೆ ಹೆಚ್ಚೋ ಕಡಿಮೆಯೋ ಆದ ಮೊತ್ತ. ಇದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಉಟಾದತ್ತ ಬಂಡಿ ಕಟ್ಟಿಕೊಂಡು ಹೊರಟ ಮಾರ್ಮನ್ನರೂ ದಾರಿಯಲ್ಲಿ ಕಾಲರಾಕ್ಕೆ ತುತ್ತಾದರು. ಅವರ ಮೊಮ್ಮಕ್ಕಳು ಹಿರಿಯರ ಹೆಸರು ಹುಡುಕುವುದನ್ನು ಧರ್ಮಕಾರ್ಯವೆಂದೇ ಮಾಡುತ್ತಾರೆ, 1894ರಲ್ಲೇ ಅದಕ್ಕೊಂದು ವಂಶಾವಳಿ ಸಂಘ ಕಟ್ಟಿದರು. ನಮ್ಮಲ್ಲಿ ಆ ಕೆಲಸ ಮಾಡಿಕೊಂಡು ಬಂದವನು ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕಾಲು ಮುಚ್ಚಿಕೊಂಡು ಕೂತು ಬರುತ್ತಾನೆ, ಗಂಟೆ ಬಾರಿಸುತ್ತಾನೆ, ಮನೆಯ ಮೂಲಪುರುಷನಿಂದ ಹಿಡಿದು ಯಾರು ಯಾವ ಊರಿಂದ ಬಂದರು, ಯಾರ ಮಗ ಯಾರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೊಸ ಕೂಸು ಹುಟ್ಟಿದ್ದರೆ ಸೇರಿಸಿಕೊಳ್ಳುತ್ತಾನೆ, ಜೋಳ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಗೆಜೆಟಿಯರ್ ಬರೆದವರು ರಾಮರಾವನ ತಂದೆಯ ಹೆಸರು ಕೇಳಲಿಲ್ಲ. ಹೆಳವ ಮೊದಲು ಕೇಳುವುದೇ ಅದನ್ನು.

ಆದ್ದರಿಂದ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಓದುಗರಲ್ಲಿ ಒಂದು ಬಿನ್ನಹ. ಅಟ್ಟದ ಮೇಲಿನ ಕುಲಕರ್ಣಿ ದಫ್ತರ, ಮೋಡಿ ಲಿಪಿಯ ಕಾಗದ ರದ್ದಿಗೆ ಹಾಕಬೇಡಿ. ಹೆಳವ ಬಂದಾಗ ಜೋಳ ಹಾಕಿ ಬೇಗ ಕಳಿಸಿಬಿಡದೆ ಕೂರಿಸಿಕೊಳ್ಳಿ, ಅವನು ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದಿಡಿ, ಕಾಲರಾ ಬ್ಯಾನಿಯ ವರ್ಷ ಮನೆಯಲ್ಲಿ ಯಾರ್ಯಾರು ಹೋದರು ಎಂದೂ ಕೇಳಿ. ಯಾರ ವಂಶಾವಳಿಯಲ್ಲಾದರೂ ನವಲಗುಂದದ ಅಮಲ್ದಾರ ರಾಮರಾವನ ಹೆಸರೋ, ಅವನ ಜೊತೆ ಹೋದ ಒಬ್ಬ ಪೇದೆಯ ಹೆಸರೋ ಸಿಕ್ಕರೆ ದಯವಿಟ್ಟು ತಿಳಿಸಿ.